ಕಂಡವರ ಮಾತು, ಕುಳಿತವರ ತರ್ಕ

ಓದುಗರ ಪತ್ರ: ರಷ್ಯ ಕ್ಯೂಬಾದಲ್ಲಿ ಗುಟ್ಟಾಗಿ ಅಣ್ವಸ್ತ್ರ ಕ್ಷಿಪಣಿ ಇಟ್ಟದ್ದನ್ನು ಮೊದಲೇ ಅರಿಯಲಿಲ್ಲ ಅಂತ ಕಳೆದ ಸಂಚಿಕೆಯ ಕ್ಯೂಬಾ ಲೇಖನದಲ್ಲಿ ಅಮೆರಿಕದ ಗುಪ್ತಚರ ತಜ್ಞರನ್ನು ಗೇಲಿ ಮಾಡಿದ್ದೀರಿ. 1962ರ ಸೆಪ್ಟೆಂಬರ್‌ನಲ್ಲಿ ಅವರ ಕೈಲಿ ಕ್ಷಿಪಣಿಯ ಫೋಟೊ ಇರಲಿಲ್ಲ. ಇದ್ದದ್ದು ನಿರಾಶ್ರಿತರ ಗಾಳಿಮಾತು. ಅದನ್ನು ನಂಬಿ ಯುದ್ಧಕ್ಕೆ ಹೋಗಬೇಕಿತ್ತೇ?
– ನಿವೃತ್ತ ಶಿಕ್ಷಕರೊಬ್ಬರು, ತಿಪಟೂರು

ಸಂಪಾದಕರ ಉತ್ತರ: ಮೇಷ್ಟ್ರೇ, ಲೇಖನವನ್ನು ಕೊನೆಯ ಸಾಲಿನವರೆಗೆ ಓದಿದ್ದೀರಿ, ಖುಷಿಯಾಯಿತು. ಆ ‘ಗಾಳಿಮಾತು’ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ನಿಮ್ಮ ಮಾತಲ್ಲಿ ನ್ಯಾಯ ಇಲ್ಲದಿಲ್ಲ. ಫ್ಲಾರಿಡಾಕ್ಕೆ ಓಡಿಬಂದ ಕ್ಯೂಬನ್ನರು ಹೇಳಿದ್ದರಲ್ಲಿ ಜೊಳ್ಳೇ ಜಾಸ್ತಿ. ಕ್ಷಿಪಣಿ ಹಡಗು ಹತ್ತುವ ಮೊದಲೇ ಅದನ್ನು ಕಣ್ಣಾರೆ ಕಂಡೆ ಅಂದವರೂ ಇದ್ದರು. ಆದರೆ ಕಾಳೂ ಇತ್ತಲ್ವಾ? ಸೆಪ್ಟೆಂಬರ್ 12ರಂದು ಹವಾನಾದ ಹತ್ತಿರ ಒಬ್ಬ ಕ್ಯಾನ್ವಾಸ್ ಹೊದಿಸಿದ ಉದ್ದನೆಯ ಟ್ರೇಲರ್‌ಗಳನ್ನು ಕಂಡ. ಅವನು ಕೊಟ್ಟ ವಿವರ ರಷ್ಯದ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗೆ ಸರಿಯಾಗಿ ಹೊಂದುತ್ತಿತ್ತು.

ಅದೇ ತಿಂಗಳ 19ರಂದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿ ಅಂದಾಜು ವಿಭಾಗದ ಮುಖ್ಯಸ್ಥರಾಗಿದ್ದ ಶರ್ಮನ್ ಕೆಂಟ್ ಅವರ ತಂಡ ಅಂದಾಜು ವರದಿ ಕೊಟ್ಟಿತು. ಕ್ಯೂಬಾದಲ್ಲಿ ಇಂಥ ಕ್ಷಿಪಣಿ ಇಟ್ಟರೆ ರಷ್ಯಕ್ಕೆ ಲಾಭವಿದೆ, ಆದರೆ ಅದರ ಇದುವರೆಗಿನ ನಡೆಗೆ ಅದು ಹೊಂದುವುದಿಲ್ಲ, ಹಾಗಾಗಿ ಇಡಲಾರದು ಅಂತ. ಪಾಪ, ಕ್ಷಿಪಣಿ ಹೊತ್ತ ‘ಓಮ್ಸ್ಕ್’ ಹಡಗು ಸೆಪ್ಟೆಂಬರ್ 8ಕ್ಕೇ ಕ್ಯೂಬಾದ ಕಾಸಿಲ್ಡಾ ಬಂದರಿಗೆ ಬಂದಾಗಿತ್ತು! ಕೆಂಟ್ ದಡ್ಡರಲ್ಲ, ಇತಿಹಾಸದ ಪ್ರಾಧ್ಯಾಪಕರಾಗಿದ್ದವರು. ತಮ್ಮಂತೆಯೇ ರಷ್ಯದ ನಾಯಕ ಕ್ರುಶ್ಚೇವ್ ಕೂಡ ಲಾಭನಷ್ಟ ತೂಗಿ ನಡೆಯುತ್ತಾರೆ ಅಂದುಕೊಂಡರು. ಓದಿದವರಿಗೆ ಈ ಕಾಯಿಲೆ ಬೇಗ ಅಂಟುತ್ತದೆ.

ಸರಿಯಾಗಿ ಊಹಿಸಿದವರು ಸಿಐಎ ಮುಖ್ಯಸ್ಥ ಜಾನ್ ಮೆಕೋನ್. ಉದ್ಯಮಿಯಾಗಿದ್ದ ಮನುಷ್ಯ. ಆಗಸ್ಟ್ 29ರಂದು ಅಮೆರಿಕದ ಯು-2 ಬೇಹುಗಾರಿಕೆ ವಿಮಾನ ಕ್ಯೂಬಾದಲ್ಲಿ ವಿಮಾನ ಹೊಡೆಯುವ ಕ್ಷಿಪಣಿಗಳ ಫೋಟೊ ತೆಗೆದಿತ್ತು. ಇಷ್ಟು ದುಬಾರಿ ಕಾವಲು ಸುಮ್ನೆ ಕಬ್ಬಿನ ಗದ್ದೆ ಕಾಯಲಿಕ್ಕಾ? ಅವರ ಅನುಮಾನ ಆ ಜಾಡಿನದು. ಹೊಸದಾಗಿ ಮದುವೆಯಾಗಿ ಫ್ರಾನ್ಸ್‌ನ ಕಡಲತೀರದಲ್ಲಿದ್ದರೂ ತಂತಿ ಮೇಲೆ ತಂತಿ ಕಳಿಸಿದರು. ಸಂಸ್ಥೆಯವರು ಅವನ್ನು ತಮ್ಮಲ್ಲೇ ಇಟ್ಟುಕೊಂಡರು.

ಈಗ ನಿಮ್ಮ ‘ಫೋಟೊ ಇರಲಿಲ್ಲ’ಕ್ಕೆ ಬರೋಣ. ಯಾಕಿರಲಿಲ್ಲ ಹೇಳಿ? ಸೆಪ್ಟೆಂಬರ್ 9ರಂದು ತೈವಾನಿನ ಯು-2 ಒಂದು ಚೀನಾದ ಮೇಲೆ ಉರುಳಿತು. ಇಲ್ಲೂ ಹಾಗಾದರೆ ಮರ್ಯಾದೆ ಹೋಗುತ್ತದೆ ಅಂತ ಕ್ಯೂಬಾದ ಒಳಭಾಗದ ಹಾರಾಟಕ್ಕೆ ಕಡಿವಾಣ ಹಾಕಿದರು. ಕಣ್ಣು ಮುಚ್ಚಿಕೊಂಡವರು ತಾವೇ. ಯುದ್ಧಕ್ಕೆ ಹೋಗಿ ಅಂತ ಯಾರು ಹೇಳಿದರು ಮೇಷ್ಟ್ರೇ? ಒಂದು ವಿಮಾನ ಕಳಿಸಿದ್ದರೆ ಸಾಕಿತ್ತು. ಅಕ್ಟೋಬರ್ 14ರಂದು ಮೇಜರ್ ಹೇಸರ್ ಸಾನ್ ಕ್ರಿಸ್ಟೋಬಾಲ್ ಮೇಲೆ ಹಾರಿ 928 ಫೋಟೊ ತಂದರು, ಕಥೆ ಬಯಲಾಯಿತು. ಆಮೇಲೂ ಕ್ಯೂಬಾದಲ್ಲಿ ರಷ್ಯದ ಸೈನಿಕರು ಹತ್ತು ಸಾವಿರದಷ್ಟಿರಬಹುದು ಅಂದುಕೊಂಡಿದ್ದರು. ಇದ್ದವರು ಸುಮಾರು 42,000.

ನಮ್ಮ ಪತ್ರಿಕಾ ಕಚೇರಿಗಳಲ್ಲೂ ಇದೇ ಕಥೆ. ನಾನು ಮೊದಲು ಕೆಲಸ ಮಾಡಿದ ಕಡೆ ತಾಲ್ಲೂಕು ವರದಿಗಾರ ಕೆರೆ ಏರಿ ಬಿರುಕು ಬಿಟ್ಟಿದೆ ಅಂತ ಬರೆದು ಕಳಿಸಿದ. ಡೆಸ್ಕಿನವರು ‘ಅಧಿಕಾರಿಗಳ ಹೇಳಿಕೆ ಎಲ್ಲಿ?’ ಅಂತ ಪಕ್ಕಕ್ಕಿಟ್ಟರು. ಏರಿ ಒಡೆದ ಮೇಲೆ ಮುಖಪುಟಕ್ಕೆ ಬಂತು.

ದೆಹಲಿಯೂ ಅಷ್ಟೆ. ಗಡಿಯಲ್ಲಿ ನಾವು ಮುಂದೆ ಹೋಗಿ ಠಾಣೆ ಹಾಕಿದರೂ ಚೀನಾ ಕೈ ಎತ್ತುವುದಿಲ್ಲ ಅನ್ನುವುದು 1961ರಲ್ಲಿ ಗುಪ್ತಚರ ಮುಖ್ಯಸ್ಥ ಮಲ್ಲಿಕ್ ಅವರ ಲೆಕ್ಕ. 1962ರ ಅಕ್ಟೋಬರ್ 20ಕ್ಕೆ, ಅತ್ತ ಕ್ಯೂಬಾ ಕುದಿಯುತ್ತಿದ್ದಾಗಲೇ, ಇತ್ತ ಚೀನಾ ಮೇಲೆ ಬಿತ್ತು. ಅಮೆರಿಕನ್ನರು ಕೆಂಟ್ ಅವರ ತಪ್ಪಿದ ಅಂದಾಜನ್ನು 1992ರಲ್ಲಿ ತಾವೇ ಅಚ್ಚು ಹಾಕಿಸಿದರು. ನಮ್ಮ ಸೋಲಿನ ಬಗ್ಗೆ ಸೇನಾಧಿಕಾರಿ ಹೆಂಡರ್ಸನ್ ಬ್ರೂಕ್ಸ್ 1963ರಲ್ಲಿ ಕೊಟ್ಟ ವರದಿ ‘ಇನ್ನೂ ಸೂಕ್ಷ್ಮ’ ಅಂತ 2010ರಲ್ಲೂ ರಕ್ಷಣಾ ಸಚಿವ ಆಂಟನಿ ಸಂಸತ್ತಿಗೆ ಹೇಳಿದರು. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ಒಂದು ಭಾಗವನ್ನು ಅಂತರ್ಜಾಲಕ್ಕೆ ಹಾಕಿದ ಮೇಲೂ ಸರ್ಕಾರ ಬೀಗ ತೆಗೆಯಲಿಲ್ಲ. ಇದರ ಮೇಲೆ ಒಂದು ಖಾರದ ಪತ್ರ ಬರೆಯಿರಿ ಮೇಷ್ಟ್ರೇ, ಒಂದಕ್ಷರ ಕತ್ತರಿಸದೆ ಹಾಕುತ್ತೇನೆ.