ಸ್ಲೇಟ್ ಚಾವಣಿ ಕೆಲಸದವರು ಹೊಸಬರಿಗೆ ಕಸುಬು ಹೇಳಿಕೊಡುತ್ತಾರಾ? ಅವರ ಒಗ್ಗಟ್ಟು ನಿಜವಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಕಲ್ಲಿನ ಸ್ಲೇಟ್ ಹೊದಿಸುವವರು ಹೊರಗಿನಿಂದ ಬಂದವರಿಗೆ ಕೆಲಸ ಕಲಿಸುತ್ತಾರಾ ಅನ್ನುವುದು ಒಂದು. ಗಿರಾಕಿಗಾಗಿ ಪೈಪೋಟಿ ಇದ್ದರೂ ಅವರು ಒಬ್ಬರಿಗೊಬ್ಬರು ಆಗುತ್ತಾರಂತೆ, ಇದು ನಿಜವಾ ಅಥವಾ ದೂರದಿಂದ ನೋಡಿದವರು ಕಟ್ಟಿದ ಕಥೆಯಾ ಅನ್ನುವುದು ಇನ್ನೊಂದು. ನನ್ನ ಅನುಭವದಲ್ಲಿ ಎರಡಕ್ಕೂ ಉತ್ತರ ಹೌದು. ನಾನು ಹಳೆಯ ಕಟ್ಟಡಗಳ ದುರಸ್ತಿ ಕೆಲಸದಲ್ಲಿರುವವನು. ಸ್ಲೇಟ್ ತಂಡಗಳ ಜೊತೆ ಏಣಿ ಹತ್ತಿದ್ದೇನೆ, ಕಲ್ಲು ಹೊತ್ತಿದ್ದೇನೆ, ಆದರೆ ಅದೇ ನನ್ನ ಹೊಟ್ಟೆಪಾಡಲ್ಲ. ಹಾಗಾಗಿ ಇದನ್ನು ಅರ್ಧ ಒಳಗಿನವನ ಮಾತು ಎಂದು ತಿಳಿದು ಓದಿ.

ಆ ಜನ ಸ್ವಭಾವದಿಂದ ಬೇರೆಯವರಿಗಿಂತ ಒಳ್ಳೆಯವರೇನಲ್ಲ. ಬೈಯುತ್ತಾರೆ, ಮುನಿಸಿಕೊಳ್ಳುತ್ತಾರೆ, ಇನ್ನೊಬ್ಬರ ಕೆಲಸ ಕಂಡರೆ ಮೂಗು ಮುರಿಯುತ್ತಾರೆ. ಆದರೂ ಒಬ್ಬರನ್ನೊಬ್ಬರು ಬಿಟ್ಟುಕೊಡದೆ ಇರುವುದು ಯಾಕೆ ಅಂದರೆ ಆ ಕಲ್ಲಿನ ಕೆಲಸ ಒಬ್ಬನೇ ಮಾಡುವಂಥದ್ದಲ್ಲ.

ಕಲ್ಲಿನಿಂದಲೇ ಶುರು ಮಾಡುತ್ತೇನೆ. ನೀರಿನ ತಳದಲ್ಲಿ ಕೂತ ನುಣುಪು ಜೇಡಿ ಕಲ್ಲಾಗಿ, ಆಮೇಲೆ ಭೂಮಿಯೊಳಗಿನ ಒತ್ತಡಕ್ಕೆ ಸಿಕ್ಕಿ, ಅದರೊಳಗಿನ ಅಭ್ರಕದಂಥ ಸಣ್ಣ ಹರಳುಗಳೆಲ್ಲ ಒಂದೇ ದಿಕ್ಕಿಗೆ ಮಲಗಿದಾಗ ಸ್ಲೇಟ್ ಆಗುತ್ತದೆ. ಅದು ಹಾಳೆ ಹಾಳೆಯಾಗಿ ಸೀಳುವುದು ಆ ಮಲಗಿದ ದಿಕ್ಕಿನಲ್ಲಿ. ಮೊದಲು ಕೆಸರು ಪದರ ಪದರವಾಗಿ ಕೂತಿತ್ತಲ್ಲ, ಆ ದಿಕ್ಕಿಗೂ ಇದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ನಾವು ಚಿಕ್ಕವರಿದ್ದಾಗ ಬಳಪ ಹಿಡಿದು ಅ ಆ ಇ ಈ ತಿದ್ದಿದ ಸ್ಲೇಟೂ ಇದೇ ಕಲ್ಲೇ. ಉಳಿ ಇಟ್ಟು ತಟ್ಟಿ ಕೈಯಲ್ಲಿ ಸೀಳಿದ್ದರಿಂದ ಎರಡು ಹಾಳೆಗಳ ದಪ್ಪ ಒಂದೇ ಆಗಿರುವುದಿಲ್ಲ. ಇಡೀ ಕಸುಬು ನಿಂತಿರುವುದು ಈ ಹೆಚ್ಚುಕಡಿಮೆಯ ಮೇಲೆ.

ಕಲ್ಲು ಬಂದಿಳಿದ ಕೂಡಲೇ ಯಾರೂ ಚಾವಣಿ ಹತ್ತುವುದಿಲ್ಲ. ಮೊದಲು ಕೆಳಗೆ ಕೂತು ವಿಂಗಡಿಸುತ್ತಾರೆ. ಒಬ್ಬ ಒಂದೊಂದೇ ಹಾಳೆ ಎತ್ತಿ ಬೆರಳಿನ ಗೆಣ್ಣಿನಿಂದ ಇಲ್ಲವೇ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾನೆ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಮಂಕು. ಸರಿಯಿದ್ದವನ್ನು ದಪ್ಪ, ನಡು, ತೆಳು ಎಂದು ಬೇರೆ ಬೇರೆ ರಾಶಿ ಹಾಕುತ್ತಾನೆ. ದಪ್ಪನೆಯವು ಸೂರಿನಂಚಿಗೆ, ತೆಳ್ಳನೆಯವು ಮೇಲಕ್ಕೆ. ಹೀಗೆ ಜೋಡಿಸಿದರೆ ಒಂದರ ಮೇಲೊಂದು ಸಮನಾಗಿ ಕೂರುತ್ತವೆ, ನಡುವೆ ಬಾಯಿ ಬಿಡುವುದಿಲ್ಲ. ವಿಂಗಡಿಸುವವನು ಎಡವಟ್ಟು ಮಾಡಿದರೆ ಪಾಡು ಪಡುವವನು ಮೇಲೆ ಹಲಗೆಯ ಮೇಲೆ ಮಂಡಿಯೂರಿರುವವನು. ಅವನ ಕೈಗೆ ಬಂದ ಕಲ್ಲು ಪಕ್ಕದ ಕಲ್ಲಿನ ಜೊತೆ ಕೂರದೆ ಎದ್ದೆದ್ದು ನಿಲ್ಲುತ್ತದೆ. ಕೆಳಗಿರುವವನನ್ನು ನಂಬದೆ ಮೇಲಿರುವವನಿಗೆ ಕೆಲಸವೇ ಸಾಗದು. ಹೊಸಬರನ್ನು ಮೊದಲು ಕೂರಿಸುವುದೂ ಈ ರಾಶಿಯ ಮುಂದೆಯೇ. ಅದನ್ನು ಅವಮಾನ ಅಂದುಕೊಂಡು ಬಿಟ್ಟುಹೋದವರಿದ್ದಾರೆ. ನನ್ನ ಮಟ್ಟಿಗೆ ಆ ಕಸುಬಿನ ಅರ್ಧ ವಿದ್ಯೆ ಅಲ್ಲೇ ಇದೆ.

ಲೆಕ್ಕ ಕಷ್ಟದ್ದಲ್ಲ. ಒಂದು ಸಾಲಿನ ತಲೆಯನ್ನು ಅದರ ಮೇಲಿನ ಸಾಲು ಮಾತ್ರವಲ್ಲ, ಅದಕ್ಕೂ ಮೇಲಿನದು ಒಂದಿಷ್ಟು ಮುಚ್ಚಬೇಕು. ಸಾಮಾನ್ಯವಾಗಿ 3 ಇಂಚು. ಕಡಿದಾದ ಇಳಿಜಾರಿಗೆ ಕಡಿಮೆ ಸಾಕು, ಚಪ್ಪಟೆಯಾದಷ್ಟೂ ಹೆಚ್ಚು ಬೇಕು. 20 ಇಂಚು ಉದ್ದದ ಕಲ್ಲಿನಲ್ಲಿ ಆ 3 ಕಳೆದು ಎರಡು ಭಾಗ ಮಾಡಿದರೆ ಎಂಟೂವರೆ ಇಂಚು. ಹೊರಗೆ ಕಾಣುವುದು ಅಷ್ಟೇ, ಉಳಿದದ್ದೆಲ್ಲ ಮರೆಯಲ್ಲಿ. ಇದನ್ನು ಹತ್ತು ನಿಮಿಷದಲ್ಲಿ ಕಲಿಯಬಹುದು.

ಮೊಳೆ ಹೊಡೆಯುವುದು ಹತ್ತು ನಿಮಿಷದಲ್ಲಿ ಬರುವುದಿಲ್ಲ. ಸ್ಲೇಟ್ ಮೊಳೆಗೆ ತೂಗಬೇಕು, ಮೊಳೆ ಸ್ಲೇಟನ್ನು ಅದುಮಬಾರದು. ಒಂದು ಏಟು ಹೆಚ್ಚಾದರೆ ಕಲ್ಲು ಅಲ್ಲೇ ಸೀಳುತ್ತದೆ, ಅಥವಾ ಇವತ್ತು ಸುಮ್ಮನಿದ್ದು ಮುಂದಿನ ಚಳಿಗಾಲದಲ್ಲಿ ಜಾರುತ್ತದೆ. ಒಂದು ಏಟು ಕಡಿಮೆಯಾದರೆ ಮೊಳೆಯ ತಲೆ ಮೇಲಿನ ಕಲ್ಲನ್ನು ಒಳಗಿನಿಂದ ಚುಚ್ಚುತ್ತಲೇ ಇರುತ್ತದೆ. ತೂತನ್ನು ಕಲ್ಲಿನ ಬೆನ್ನಿನ ಕಡೆಯಿಂದ ಹೊಡೆಯುತ್ತಾರೆ. ಆಗ ಮುಖದ ಕಡೆ ಚೂರು ಎದ್ದು ಒಂದು ಸಣ್ಣ ಗುಳಿಯಾಗುತ್ತದೆ, ಮೊಳೆಯ ತಲೆ ಅದರಲ್ಲಿ ಅಡಗುತ್ತದೆ. ಇದನ್ನು ಎಷ್ಟು ಓದಿದರೂ ಕೈಗೆ ಬರುವುದಿಲ್ಲ. ಪಕ್ಕದಲ್ಲಿರುವವನು ಸದ್ದು ಕೇಳಿಯೇ "ಸಾಕು, ನಿಲ್ಲಿಸು" ಅನ್ನಬೇಕು. ಒಬ್ಬನ ಸುತ್ತಿಗೆಯ ಸದ್ದಿಗೆ ಇನ್ನೊಬ್ಬನ ಕಿವಿ ಸದಾ ತೆರೆದಿರುವ ಇಂಥ ಕಸುಬು ನಾನು ಬೇರೆ ಕಂಡಿಲ್ಲ. ವಿದ್ಯುತ್ ಗರಗಸ ಬಂದಮೇಲೆ ಕೆಲವು ತಂಡಗಳಲ್ಲಿ ಇದು ಹೋಯಿತು. ಯಂತ್ರದ ಗದ್ದಲದಲ್ಲಿ ಯಾರು ಏನು ಹೊಡೆಯುತ್ತಿದ್ದಾರೆ ಎಂದು ಯಾರಿಗೂ ಕೇಳಿಸದು. ಮೇಲಾಗಿ ಅದರ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶ ತಿನ್ನುತ್ತದೆ. ಕಬ್ಬಿಣದ ಅಡಿಗಟ್ಟಿನ ಮೇಲಿಟ್ಟು ಸುತ್ತಿಗೆಯ ಅಲಗಿನಿಂದ ಕತ್ತರಿಸಿದರೆ ಧೂಳು ಬಹಳ ಕಡಿಮೆ, ಅಂಚೂ ಚೆನ್ನಾಗಿ ಓರೆಯಾಗಿ ಬರುತ್ತದೆ. ಈ ವಿಷಯದಲ್ಲಿ ನಾನು ಹಳೆಯ ಕಾಲದವರ ಪಕ್ಷ.

ಇನ್ನು ನೀವು ಕೇಳಿದ ಪೈಪೋಟಿ. ಒಳ್ಳೆಯ ಸ್ಲೇಟ್ 100 ವರ್ಷ ದಾಟಿ ಬಾಳುತ್ತದೆ. ಅಮೆರಿಕದ ವರ್ಮಾಂಟ್‌ನ ಕಲ್ಲು, ವರ್ಜೀನಿಯಾದ ಬಕಿಂಗ್‌ಹ್ಯಾಮ್ ಕಲ್ಲು, ವೇಲ್ಸ್‌ನ ಪೆನ್ರಿನ್ ಕಲ್ಲು ಎಲ್ಲ ಈ ಜಾತಿಯವು. ಪೆನ್ಸಿಲ್ವೇನಿಯಾದ ಮೆತ್ತನೆಯ ಕೆಲವು ಕಲ್ಲುಗಳು ಅಷ್ಟು ಬಾಳುವುದಿಲ್ಲ. ಹಲವು ಚಾವಣಿಗಳಲ್ಲಿ ಕಲ್ಲಿಗಿಂತ ಮೊದಲು ಸಾಯುವುದು ಮೊಳೆ, ಇಲ್ಲವೇ ಎರಡು ಇಳಿಜಾರು ಕೂಡುವ ಮೂಲೆಯಲ್ಲಿ ಹಾಸಿದ ಲೋಹದ ತಗಡು. ಅಂದರೆ ಒಬ್ಬ ಕೂರಿಸಿದ ಕಲ್ಲನ್ನು ದುರಸ್ತಿ ಮಾಡುವವನು ಇನ್ನೂ ಹುಟ್ಟಿರದ ಇನ್ನೊಬ್ಬ. ಅದೇ ರೀತಿ ಇವತ್ತು ದುರಸ್ತಿಗೆ ಹತ್ತುವವನು ತೀರಿಹೋದವನ ಕೆಲಸವನ್ನು ಬಿಚ್ಚುತ್ತಿರುತ್ತಾನೆ.

ಬಿಚ್ಚುವಾಗ ಸಿಗುವ ಕಲ್ಲಿಗೆ ಜೋಡಿ ಬೇಕಲ್ಲ, ಅಲ್ಲೇ ಇರುವುದು ತೊಡಕು. ಸ್ಕಾಟ್‌ಲೆಂಡಿನ ಬಲ್ಲಹೂಲಿಶ್ ಗಣಿ 1955ರಲ್ಲಿ ಮುಚ್ಚಿತು. ಫ್ರಾನ್ಸಿನ ಆಂಜೆ ಪಕ್ಕದ ತ್ರೆಲಾಜೆ ಗಣಿ 2013ರಲ್ಲಿ, ಜರ್ಮನಿಯ ಮಾಯೆನ್‌ನ ಕಾಟ್ಸೆನ್‌ಬರ್ಗ್ ಗಣಿ 2019ರಲ್ಲಿ ನಿಂತವು. ಈಗ ಬಲ್ಲಹೂಲಿಶ್ ಕಲ್ಲಿಗೆ ಬಲ್ಲಹೂಲಿಶ್ ಕಲ್ಲೇ ಬೇಕೆಂದರೆ ಯಾವುದೋ ಕೆಡವಿದ ಕಟ್ಟಡದಿಂದ ಇಳಿಸಿದ್ದೇ ಗತಿ. ಆ ಇಳಿಸಿದ ರಾಶಿ ಇರುವುದು ನಿಮ್ಮ ಪ್ರತಿಸ್ಪರ್ಧಿಯ ಅಂಗಳದಲ್ಲಿ. ಇವತ್ತು ಅವನು ನಿಮಗೆ ಮೂವತ್ತು ಕಲ್ಲು ಕೊಡುತ್ತಾನೆ. ನಾಳೆ ಅವನಿಗೆ ಬೇಕಾದ ಹಸಿರು ಛಾಯೆಯದು ನಿಮ್ಮಲ್ಲಿರುತ್ತದೆ. ಕೆಲಸ ಕಸಿದುಕೊಂಡನೆಂದು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಇಬ್ಬರು ಒಂದು ಹಿಡಿ ಕಲ್ಲಿಗಾಗಿ ಫೋನ್ ಎತ್ತಿದ್ದನ್ನು ನೋಡಿದ್ದೇನೆ. ರಾಜಿಯೇನೂ ಆಗಲಿಲ್ಲ. ಕಲ್ಲು ಮಾತ್ರ ಬಂತು.

ಸ್ಕಾಟ್‌ಲೆಂಡಿನ ಹಳೆಯ ಪದ್ಧತಿ ಇದಕ್ಕೂ ಒಂದು ಹೆಜ್ಜೆ ಮುಂದೆ. ಅಲ್ಲಿ ರೀಪಿನ ಬದಲು ಪೂರ್ತಿ ಹಲಗೆ ಹೊಡೆದು, ಹೆಚ್ಚಿನ ಸಾಲುಗಳಲ್ಲಿ ಪ್ರತಿ ಕಲ್ಲಿಗೂ ತಲೆಯಲ್ಲಿ ಒಂದೇ ಮೊಳೆ. ಒಂದು ಒಡೆದರೆ ಅದರ ಮೇಲಿನವನ್ನು ಆ ಒಂದು ಮೊಳೆಯ ಮೇಲೆ ಪಕ್ಕಕ್ಕೆ ತಿರುಗಿಸಿ, ಒಡೆದದ್ದನ್ನು ತೆಗೆದು ಹೊಸದನ್ನು ಹೊಡೆದು, ಮತ್ತೆ ತಿರುಗಿಸಿ ಮುಚ್ಚುತ್ತಾರೆ. ಹಾಕುವಾಗಲೇ ಮುಂದೆ ಬರುವವನಿಗೆ ದಾರಿ ಇಟ್ಟಂತೆ. ಎರಡು ಮೊಳೆ ಹೊಡೆದ ಕಡೆ ಇಷ್ಟು ಸುಲಭವಿಲ್ಲ. ತುದಿಯಲ್ಲಿ ಕೊಕ್ಕೆ ಇರುವ ಉದ್ದನೆಯ ತೆಳು ಕಬ್ಬಿಣದ ಪಟ್ಟಿಯನ್ನು ಕಲ್ಲಿನಡಿ ತೂರಿಸಿ, ಕಾಣದ ಮೊಳೆಯನ್ನು ತಡಕಿ, ಹಿಡಿಗೆ ಏಟು ಹಾಕಿ ಕಿತ್ತುಕೊಳ್ಳಬೇಕು. ಆಮೇಲೆ ತಾಮ್ರದ ಕೊಕ್ಕೆಗೆ ಹೊಸ ಕಲ್ಲು. ಈ ಶ್ರಮಕ್ಕೆ ಬೇಸತ್ತು ಮೇಲೆ ಡಾಂಬರು ಬಳಿದು ಹೋಗುವವರಿದ್ದಾರೆ. ಈ ಕಸುಬಿನವರ ಬಾಯಲ್ಲಿ ಅತಿ ಕೆಟ್ಟ ಬೈಗುಳ ಬೀಳುವುದು ಡಾಂಬರು ಬಳಿದವನಿಗೆ. ಅವನು ಗಿರಾಕಿಗೆ ಮೋಸ ಮಾಡಿದ್ದು ಹಾಗಿರಲಿ, ಮುಂದಿನ ಕೆಲಸಗಾರನ ಕೈ ಕಟ್ಟಿಹಾಕಿದ್ದಾನೆ. ಆ ಕಲ್ಲುಗಳನ್ನು ಮತ್ತೆ ಬಳಸುವಂತಿಲ್ಲ.

ಬಿಚ್ಚಿದ ಹಳೆಯ ಕಲ್ಲಿನ ಹಿಂಬದಿಯಲ್ಲಿ ಮೊಳೆಯಿಂದ ಗೀಚಿದ ಹೆಸರು, ಇಸವಿ ಸಿಗುವುದುಂಟು. ಗಿರಾಕಿಯ ಕಣ್ಣಿಗೆ ಅದು ಎಂದೂ ಬೀಳುವುದಿಲ್ಲ. ಬರೆದವನಿಗೂ ಗೊತ್ತಿತ್ತು, ಓದುವವನು ಇನ್ನೊಬ್ಬ ಸ್ಲೇಟ್ ಕೆಲಸದವನೇ ಎಂದು.

ಗಣಿಯವರ ಒಗ್ಗಟ್ಟು ಬೇರೆ ಜಾತಿಯದು, ಆದರೆ ಅದನ್ನು ಬಿಟ್ಟು ಈ ಮಾತು ಮುಗಿಯದು. ಉತ್ತರ ವೇಲ್ಸ್‌ನಲ್ಲಿ ಬಂಡೆ ಒಡೆಯುವವರೂ ಕೊಟ್ಟಿಗೆಯಲ್ಲಿ ಕೂತು ಸೀಳುವವರೂ ಸೇರಿ ಒಂದು ತಂಡ. ಬಂಡೆಯ ಒಂದು ಭಾಗವನ್ನು ಮೇಸ್ತ್ರಿಯ ಜೊತೆ ಚೌಕಾಸಿ ಮಾಡಿ ಹಿಡಿದು, ಬಂದದ್ದನ್ನು ಹಂಚಿಕೊಳ್ಳುತ್ತಿದ್ದರು. ಹುಡುಗರು ತಂಡದಿಂದ ತಂಡಕ್ಕೆ ಓಡಾಡಿ ಕೈಯಾಸರೆ ಕೊಟ್ಟು, ಪ್ರತಿಯಾಗಿ ಸಿಕ್ಕ ಕಲ್ಲಿನ ತುಂಡುಗಳನ್ನು ತಾವೇ ಸೀಳಿ ಕೈ ಪಳಗಿಸಿಕೊಳ್ಳುತ್ತಿದ್ದರು. ಕಬಾನ್ ಎಂದು ಕರೆಯುವ ಗಣಿಯ ಗುಡಿಸಲಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಊಟದ ಜೊತೆ ಹಾಡು, ಕವಿತೆ, ರಾಜಕೀಯದ ಚರ್ಚೆ ನಡೆಯುತ್ತಿತ್ತು. ಆದರೆ 1900ರಿಂದ 1903ರವರೆಗೆ ಪೆನ್ರಿನ್‌ನಲ್ಲಿ ನಡೆದ ಮುಷ್ಕರದಲ್ಲಿ ಇದೇ ಜನ ಎರಡಾಗಿ ಒಡೆದರು. ಮುಷ್ಕರ ಮುರಿಯದವರು 'ಈ ಮನೆಯಲ್ಲಿ ದ್ರೋಹಿ ಇಲ್ಲ' ಎಂಬ ಚೀಟಿಯನ್ನು ಕಿಟಕಿಗೆ ಅಂಟಿಸುತ್ತಿದ್ದರು. ಆ ಒಡಕು ತಲೆಮಾರುಗಳವರೆಗೆ ಮಾಯಲಿಲ್ಲ. ಒಗ್ಗಟ್ಟಿನ ಮಾತು ಬಂದಾಗ ಕವಿತೆಯನ್ನಷ್ಟೇ ಹೇಳಿ ಚೀಟಿಯನ್ನು ಮರೆಯುವುದು ನನಗೆ ಸರಿ ಕಾಣುವುದಿಲ್ಲ. ವಾಯವ್ಯ ವೇಲ್ಸ್‌ನ ಈ ಗಣಿ ಪ್ರದೇಶ 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಯುರೋಪಿನ ಬೇರೆ ಕಡೆ ಕಲಿಕೆಗೇ ಕಟ್ಟುಪಾಡು ಇದೆ. ಫ್ರಾನ್ಸಿನ ಕೊಂಪಾನ್ಯೋಂಗಳು, ಅಂದರೆ ಹಳೆಯ ಕಸುಬುದಾರ ಸಂಘಗಳವರು, ಚಾವಣಿ ಕಸುಬನ್ನೂ ಊರಿಂದೂರಿಗೆ ಅಲೆದಾಡಿಸಿಯೇ ಕಲಿಸುತ್ತಾರೆ. ಜರ್ಮನಿಯಲ್ಲಿ ತರಬೇತಿ ಮುಗಿಸಿದ ಕುಶಲಕರ್ಮಿ ಮೂರು ವರ್ಷ ಒಂದು ದಿನ ತಿರುಗಾಟಕ್ಕೆ ಹೊರಡುವ ಪದ್ಧತಿ ಇನ್ನೂ ಇದೆ. ಆ ಅವಧಿಯಲ್ಲಿ ಸ್ವಂತ ಊರಿನ 50 ಕಿ.ಮೀ. ಒಳಗೆ ಕಾಲಿಡುವಂತಿಲ್ಲ. ಹೋದಲ್ಲೆಲ್ಲ ಕೆಲಸಕ್ಕೂ ಮಲಗುವ ಜಾಗಕ್ಕೂ ಬೇರೆಯವರನ್ನೇ ನೆಚ್ಚಿಕೊಳ್ಳಬೇಕು. ಇದನ್ನೂ ಹೂವಿನಂತೆ ನೋಡಬೇಡಿ. 19ನೇ ಶತಮಾನದಲ್ಲಿ ಬೇರೆ ಬೇರೆ ಪಂಗಡದ ಕೊಂಪಾನ್ಯೋಂಗಳು ದಾರಿಯಲ್ಲಿ ಎದುರಾದರೆ ದೊಣ್ಣೆ ಹಿಡಿದು ಹೊಡೆದಾಡುತ್ತಿದ್ದರು.

ನಮ್ಮ ದೇಶದಲ್ಲೂ ಈ ಕಸುಬಿದೆ. ಹಿಮಾಚಲದ ಕಾಂಗ್ಡಾ, ಚಂಬಾ ಭಾಗದ ಹಳೆಯ ಮನೆಗಳ ಮೇಲೆ ಸ್ಲೇಟ್ ಇದೆ. ಧರ್ಮಶಾಲಾ ಬಳಿಯ ಖನಿಯಾರಾ ಈ ಕಲ್ಲಿಗೆ ಹೆಸರಾದ ಊರು.

ಈಗ ನಿಮ್ಮ ಮೊದಲ ಪ್ರಶ್ನೆ. ಕಲಿಸುತ್ತಾರೆ, ಆದರೆ ಪಾಠದಂತೆ ಕೂರಿಸಿ ಹೇಳುವುದಿಲ್ಲ. ಮೊದಲ ದಿನಗಳಲ್ಲಿ ಕಿಚಾಯಿಸುತ್ತಾರೆ. ಅದರಲ್ಲಿ ಸ್ವಲ್ಪ ಪರೀಕ್ಷೆಯೂ ಇದೆ: ಹಗ್ಗ ಹಿಡಿದವನು ಮುನಿಸಿಕೊಂಡು ಮೈಮರೆಯುವ ಪೈಕಿಯಾ ಎಂದು ಅವರಿಗೆ ತಿಳಿಯಬೇಕು. 100 ಚದರ ಅಡಿ ಚಾವಣಿಗೆ ಹೆಚ್ಚುಕಡಿಮೆ 300ರಿಂದ 450 ಕೆ.ಜಿ. ಕಲ್ಲು ಬೇಕು. ಅಷ್ಟೂ ಕೈಯಿಂದ ಕೈಗೆ ಏಣಿಯ ಮೇಲೆ ಹೋಗುವಂಥದ್ದು, ಆದ್ದರಿಂದ ಈ ತಪಾಸಣೆ ಅತಿಯೆಂದು ನನಗೆ ಅನ್ನಿಸಿಲ್ಲ. ಕಿಚಾಯಿಸುವುದು ಹೀಯಾಳಿಕೆಯಾಗಿ ದಿನ ಕಳೆದರೂ ನಿಲ್ಲದಿದ್ದರೆ ಆ ತಂಡ ಬಿಡಿ, ಬೇರೆಯದು ಹುಡುಕಿ.

ತಂಡ ಆರಿಸುವಾಗ ಅವರು ದುರಸ್ತಿ ಕೆಲಸ ಮಾಡುತ್ತಾರಾ ಎಂದು ಕೇಳಿ. ಹೊಸ ಚಾವಣಿ ಮಾತ್ರ ಹಾಕುವವರಲ್ಲಿ ಕೈ ಬೇಗ ಓಡುವುದನ್ನು ಕಲಿಯುತ್ತೀರಿ. ದುರಸ್ತಿಯವರಲ್ಲಿ ಚಾವಣಿ ಯಾಕೆ ಸೋಲುತ್ತದೆ ಎಂದು ಕಲಿಯುತ್ತೀರಿ. ಹೋದ ಕೂಡಲೇ ಸುತ್ತಿಗೆ ಕೇಳಬೇಡಿ, ವಿಂಗಡಣೆಗೆ ಕೂರುತ್ತೇನೆ ಅನ್ನಿ. ಹಾಕಿದ ಕಲ್ಲಿನ ಮೇಲೆ ಯಾವತ್ತೂ ನೇರ ಕಾಲಿಡಬೇಡಿ, ಚಾವಣಿಯ ನೆತ್ತಿಗೆ ಕೊಕ್ಕೆ ಸಿಕ್ಕಿಸಿದ ಏಣಿಯ ಮೇಲೆಯೇ ಓಡಾಡಿ. ಒಡೆದ ಸ್ಲೇಟನ್ನೂ ಬಿಸಾಡಬೇಡಿ. ದೊಡ್ಡದು ಒಡೆದರೆ ಅದರಲ್ಲಿ ಸಣ್ಣದೊಂದು ಕತ್ತರಿಸಬಹುದು. ಸೂರಿನಂಚಿನ ಮೊದಲ ಸಾಲಿನ ಅಡಿಗೆ ಗಿಡ್ಡ ಕಲ್ಲು ಬೇಕೇ ಬೇಕು. ಅಂಥ ತುಂಡುಗಳನ್ನು ಯಾರೂ ಹೇಳದೆಯೇ ಒಂದು ಕಡೆ ಜೋಡಿಸಿಟ್ಟ ಹೊಸಬನನ್ನು ಮೇಲಕ್ಕೆ ಕರೆಯಲು ಮೇಸ್ತ್ರಿ ಬಹಳ ದಿನ ತಡಮಾಡುವುದಿಲ್ಲ.