ಮೈಲೋಮಾ ಇದ್ದವರ ಎದೆ ಸಿಟಿಯಲ್ಲಿ ಗಡ್ಡೆ, ನೀರು ಕಂಡರೆ ಶ್ವಾಸಕೋಶಕ್ಕೆ ಹರಡಿದೆ ಅಂತಲಾ?

ತಂದೆಯವರಿಗೆ ಮಲ್ಟಿಪಲ್ ಮೈಲೋಮಾ (ಮೂಳೆ ಮಜ್ಜೆಯ ಪ್ಲಾಸ್ಮಾ ಕಣಗಳ ಕ್ಯಾನ್ಸರ್) ಇದೆ, ಎದೆಯ ಸಿಟಿ ರಿಪೋರ್ಟ್‌ನಲ್ಲಿ ‘ಎಡ ಪಕ್ಕೆಲುಬಿನಲ್ಲಿ ಲಿಟಿಕ್ ಲೀಶನ್ (ಮೂಳೆ ಸವೆದ ಜಾಗ), ಜೊತೆಗೆ ಸಾಫ್ಟ್ ಟಿಶ್ಯೂ ಮಾಸ್ (ಮೆದು ಗಡ್ಡೆ), ಸ್ವಲ್ಪ ಪ್ಲೂರಲ್ ಎಫ್ಯೂಷನ್ (ಶ್ವಾಸಕೋಶದ ಸುತ್ತ ನೀರು)’ ಅಂತ ಬರೆದಿದ್ದಾರೆ, ಇದು ಶ್ವಾಸಕೋಶಕ್ಕೆ ಹರಡಿದ್ದಾ ಅಂತ ಕೇಳಿದ್ದೀರಿ. ನಾನು ರೇಡಿಯಾಲಜಿಸ್ಟ್. ಸ್ಕ್ಯಾನ್ ನೋಡದೆ ತೀರ್ಪು ಕೊಡಲಾರೆ. ಆದರೆ ನೀವು ಬರೆದ ಸಾಲು ಹೇಳುತ್ತಿರುವುದು ಪಕ್ಕೆಲುಬಿನ ಗಡ್ಡೆಯ ಬಗ್ಗೆ, ಶ್ವಾಸಕೋಶದ ಬಗ್ಗೆ ಅಲ್ಲ.

ಮೈಲೋಮಾ ಮೂಳೆ ಮಜ್ಜೆಯಿಂದ ಆಚೆ ಬರುವುದು ಎರಡು ರೀತಿ. ಮೂಳೆಯ ಗಟ್ಟಿ ಹೊರಪದರವನ್ನು ಒಡೆದು ಪಕ್ಕಕ್ಕೇ ಬೆಳೆಯಬಹುದು. ಇಲ್ಲವೇ ರಕ್ತದಲ್ಲಿ ಸಾಗಿ ಲಿವರ್, ಚರ್ಮ, ಪ್ಲೂರಾ (ಶ್ವಾಸಕೋಶವನ್ನು ಸುತ್ತಿರುವ ತೆಳು ಪೊರೆ) ಇಂಥ ಕಡೆ ನೆಲೆಯೂರಬಹುದು. ಎದೆಯಲ್ಲಿ ನಮಗೆ ಜಾಸ್ತಿ ಸಿಗುವುದು ಮೊದಲನೆಯದು. ಹೆಚ್ಚು ಅಪಾಯಕಾರಿ ಎರಡನೆಯದು.

ಪಕ್ಕೆಲುಬಿನ ಗಡ್ಡೆಗೆ ಒಂದು ಗುರುತಿದೆ. ಸಿಟಿಯಲ್ಲಿ ಪಕ್ಕೆಲುಬು ಗೆದ್ದಲು ತಿಂದ ಹಾಗೆ ಕಾಣುತ್ತದೆ, ಹೊರಗೆರೆ ಅಲ್ಲಲ್ಲಿ ಮಾಯ. ಅದರ ಸುತ್ತ ಗಡ್ಡೆ. ಶ್ವಾಸಕೋಶದ ಕಡೆಗಿನ ಅಂಚು ನುಣುಪಾಗಿ ಉಬ್ಬಿರುತ್ತದೆ, ಎದೆಗೋಡೆಯನ್ನು ಸೇರುವ ಕಡೆ ಇಳಿಜಾರಾಗಿರುತ್ತದೆ. ಅಂದರೆ ಹೊರಗಿನಿಂದ ಪ್ಲೂರಾವನ್ನು ಒಳಕ್ಕೆ ತಳ್ಳುತ್ತಿದೆ ಅಂತ. ಶ್ವಾಸಕೋಶದಲ್ಲೇ ಹುಟ್ಟಿದ ಗಂಟು ಸಾಮಾನ್ಯವಾಗಿ ಹೀಗೆ ಇಳಿಜಾರಾಗಿ ಕೂರುವುದಿಲ್ಲ. ಬರೀ ಎಕ್ಸ್‌ರೇಯಲ್ಲಿ ಇದನ್ನು ಶ್ವಾಸಕೋಶದ ಗಡ್ಡೆ ಅಂದುಕೊಳ್ಳುವುದು ಸುಲಭ. ಮೂಳೆ ಸುಮಾರು 30 ಶೇಕಡಾ ಸವೆಯುವ ತನಕ ಎಕ್ಸ್‌ರೇಗೆ ಸರಿಯಾಗಿ ಕಾಣುವುದೂ ಇಲ್ಲ.

ಇನ್ನು ನೀರು. ಮೈಲೋಮಾ ಇದ್ದವರಿಗೆ ಎದೆಯಲ್ಲಿ ನೀರು ತುಂಬಲು ನ್ಯುಮೋನಿಯಾ, ಕಿಡ್ನಿ ತೊಂದರೆ, ಹೃದಯದ ದೌರ್ಬಲ್ಯ, ಅಮೈಲಾಯ್ಡ್ (ಅಂಗಗಳಲ್ಲಿ ಕೂಡಿಕೊಳ್ಳುವ ಅಸಹಜ ಪ್ರೋಟೀನ್), ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಾಗುವುದು ಹೀಗೆ ಹತ್ತು ಕಾರಣ. ಮೈಲೋಮಾ ಕಣಗಳೇ ನೀರಲ್ಲಿ ಇರುವುದು ಮೈಲೋಮಾ ಇರುವ ನೂರು ಜನರಲ್ಲಿ ಒಬ್ಬರಿಗಿಂತ ಕಡಿಮೆ. ಸ್ಕ್ಯಾನ್ ನೋಡಿ ಇವನ್ನು ಬೇರೆ ಮಾಡಲು ನಮಗೂ ಆಗದು. ಪ್ಲೂರಾ ಮೇಲೆ ಗಂಟುಗಳಿದ್ದರೆ ಅನುಮಾನ ಬರುತ್ತದೆ, ಅಷ್ಟೇ. ಸೂಜಿ ಹಾಕಿ ನೀರು ತೆಗೆದು ಸೈಟಾಲಜಿ, ಫ್ಲೋ ಸೈಟೋಮೆಟ್ರಿ (ನೀರಿನಲ್ಲಿರುವ ಕಣಗಳ ಪರೀಕ್ಷೆಗಳು) ಮಾಡಿದರೆ ಉತ್ತರ ಸಿಗುತ್ತದೆ. ಶ್ವಾಸಕೋಶದೊಳಗೆ ಹೊಸ ಮಚ್ಚೆ ಕಂಡರೂ ಮೊದಲು ಹುಡುಕುವುದು ಸೋಂಕನ್ನೇ, ಈ ಕಾಯಿಲೆಯಲ್ಲಿ ರೋಗನಿರೋಧಕ ಶಕ್ತಿ ಅಷ್ಟು ಕುಗ್ಗಿರುತ್ತದೆ.

ಡಾಕ್ಟರ್ ಹತ್ತಿರ ಎರಡು ವಿಷಯ ಕೇಳಿ: ನೀರು ಪರೀಕ್ಷೆ ಮಾಡಬೇಕಾ, ಪೆಟ್-ಸಿಟಿ ಬೇಕಾ. ಬೇರೆಲ್ಲಾದರೂ ಗಡ್ಡೆ ಇದೆಯಾ ಅಂತ ಪೆಟ್ ಒಂದೇ ಸಲಕ್ಕೆ ಇಡೀ ಮೈ ತೋರಿಸುತ್ತದೆ. ಹಳೆಯ ಸ್ಕ್ಯಾನ್ ಸಿ.ಡಿ. ಇದ್ದರೆ ಒಯ್ಯಿರಿ, ಹೋಲಿಸಿ ನೋಡಲು ಬೇಕು. ಗಡ್ಡೆ ಬೆನ್ನುಮೂಳೆಯ ಹತ್ತಿರ ಇದ್ದು, ತಂದೆಯವರಿಗೆ ಕಾಲಲ್ಲಿ ಶಕ್ತಿ ಕಡಿಮೆಯಾದರೆ, ಜೋಮು ಹಿಡಿದರೆ ಅಥವಾ ಮೂತ್ರ ಕಟ್ಟಿದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅಂದೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.