ಜೂನಿಯರ್ ಹಾಕಿ ಮ್ಯಾಚ್ ತಪ್ಪಿಹೋಗ್ತಿರೋದಕ್ಕೆ

ಅಮೆರಿಕದ ಜೂನಿಯರ್ ಐಸ್ ಹಾಕಿ ಮ್ಯಾಚ್ ಯಾಕೆ ತಪ್ಪಿಹೋಗ್ತಿದೆ ಅಂತ ಕೇಳಿದ್ರಲ್ಲ, ಬಹುಶಃ ಅಲ್ಲಿನ ಸಮಯವನ್ನ ನಮ್ಮದಕ್ಕೆ ಬದಲಿಸುವಾಗ ನೀವು ಗಂಟೆ ಬದಲಿಸಿದ್ದೀರಿ, ತಾರೀಖು ಬದಲಿಸಿಲ್ಲ. ಬೆಳಗ್ಗೆ ಐದೂವರೆಗೆ ಮಗನನ್ನ ಎಬ್ಬಿಸಿ ಕೂತರೆ ಬೇರೆ ಟೀಮ್ ಆಡ್ತಿತ್ತು ಅಂದಿರಲ್ಲ, ಅದರಿಂದಲೇ ಗೊತ್ತಾಗುತ್ತೆ.

2026ರ ಇಪ್ಪತ್ತು ವರ್ಷದೊಳಗಿನವರ ವಿಶ್ವ ಐಸ್ ಹಾಕಿ ಟೂರ್ನಿಯ ಜಾಗ ಅಮೆರಿಕದ ಮಿನೆಸೋಟಾ ರಾಜ್ಯ. ಚಳಿಗಾಲದಲ್ಲಿ ನಾವು ಅವರಿಗಿಂತ ಹನ್ನೊಂದೂವರೆ ಗಂಟೆ ಮುಂದೆ. ಅಲ್ಲಿ ಡಿಸೆಂಬರ್ 28ರ ಸಂಜೆ 6 ಅಂದರೆ ತೀರ್ಥಹಳ್ಳಿಯಲ್ಲಿ 29ರ ಬೆಳಗ್ಗೆ 5.30. ಅಲ್ಲಿ ಮಧ್ಯಾಹ್ನ 12ರ ಮ್ಯಾಚ್ ಆದರೆ ನಮಗೆ ಅದೇ ದಿನ ರಾತ್ರಿ 11.30.

ಮೊದಲು ಫೋನಿನ ಗಡಿಯಾರದಲ್ಲಿ ಮಿನೆಸೋಟಾದ ಮಿನಿಯಾಪೊಲಿಸ್ ನಗರ ಸೇರಿಸಿ. ಆಮೇಲೆ ವೇಳಾಪಟ್ಟಿಯಲ್ಲಿರೋದು ಅಲ್ಲಿನ ಸಮಯವೋ ನಮ್ಮದೋ ನೋಡಿ. ಕೆಲವು ಆ್ಯಪ್ ತಾನೇ ಬದಲಿಸಿ ತೋರಿಸುತ್ತೆ, ಆಗ ಮತ್ತೆ ಕೂಡಿಸಬೇಡಿ. ಕೊನೆಗೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ನಮ್ಮ ತಾರೀಖಿನ ಚೌಕದಲ್ಲೇ ಬರೆಯಿರಿ. ನಾನೂ ಒಮ್ಮೆ ಹಿಂದಿನ ಚೌಕದಲ್ಲಿ ಬರೆದು ಒಳ್ಳೇ ಮ್ಯಾಚ್ ಕಳೆದುಕೊಂಡೆ, ತುಂಬಾ ಬೇಜಾರಾಗಿತ್ತು.

ಒಂದು ಮ್ಯಾಚ್ ಅಂದರೆ ಇಪ್ಪತ್ತು ನಿಮಿಷದ ಮೂರು ಪಿರಿಯಡ್, ಅಂದರೆ ಮೂರು ಭಾಗ. ಆಟ ನಿಂತಾಗ ಗಡಿಯಾರವೂ ನಿಲ್ಲುತ್ತೆ, ಹಾಗಾಗಿ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಅಡಿಕೆ ಕೊಯ್ಲಿನ ದಿನ ಬೆಳಗ್ಗೆ ಅಷ್ಟು ಹೊತ್ತು ಸಿಗೋದು ಕಷ್ಟ ಅಲ್ವಾ, ಕೊನೇ ಪಿರಿಯಡ್ ಆದರೂ ನೋಡಿ. ಫೈನಲ್ ಅಲ್ಲಿ 2026ರ ಜನವರಿ 5ರ ಸಂಜೆ, ನಮಗೆ 6ರ ಬೆಳಗ್ಗೆ.